ಬಾಯಿಲೆ ಮಾಡಿ ತೋರಸ್ರಿ

ಕಾಳಪ್ಪ ಮಿಸ್ತ್ರಿಯವರ ಶೆಡ್ಡಿಗೆ ಮೊದಲ ಸಲ ಹೋದವರು ಇದು ಟ್ರ್ಯಾಕ್ಟರ್ ರಿಪೇರಿ ಮಾಡುವ ಜಾಗವೋ ಬಯಲಾಟದ ತಾಲೀಮೋ ಎಂದು ಗಲಿಬಿಲಿಗೊಳ್ಳುತ್ತಿದ್ದರು. ಕುಷ್ಟಗಿಯಿಂದ ಹನುಮಸಾಗರಕ್ಕೆ ಹೋಗುವ ರಸ್ತೆಯ ಬದಿಗೆ ಒಂದು ಬೇವಿನ ಗಿಡ. ಅದರ ಕೆಳಗೆ ಪಟಗಾ ಸುತ್ತಿದ ಹಿರಿಯರೊಬ್ಬರು ನಿಂತು, ಕೈ ಬೀಸಿ, ಕೆನ್ನೆ ಉಬ್ಬಿಸಿ, ‘ಗುರ್ರ್... ಗುರ್ರ್... ಡಗ್... ಭುಸ್ಸ್’ ಎನ್ನುತ್ತಿರುತ್ತಿದ್ದರು. ಎದುರಿಗೆ ಮಿಸ್ತ್ರಿ ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, ಹಳೆಯ ಟೈರಿನ ಮೇಲೆ ಕೂತಿರುತ್ತಿದ್ದರು. ಹಿರಿಯರು ಮುಗಿಸಿದ ಮೇಲೆ ಒಂದು ಕಣ್ಣು ತೆರೆದು, ‘ಕಡೀಕ ಭುಸ್ ಅಂತೈತೋ, ಟುಸ್ ಅಂತೈತೋ? ಇನ್ನೊಮ್ಮೆ ಸರಿಯಾಗಿ ಮಾಡ್ರಿ’ ಎನ್ನುತ್ತಿದ್ದರು. ಪಾಪ, ಹಿರಿಯರು ಮತ್ತೆ ಕೆನ್ನೆ ಉಬ್ಬಿಸುತ್ತಿದ್ದರು.

ಇದು ಮಿಸ್ತ್ರಿಯವರ ಕಾಯದೆ. ಅವರು ಗಾಡಿ ಮುಟ್ಟುವ ಮೊದಲು, ಮಾಲಕನಾದವನು ತನ್ನ ಗಾಡಿ ಹೇಗೆ ಸದ್ದು ಮಾಡುತ್ತದೆ ಎಂಬುದನ್ನು ಬಾಯಿಂದ ಮಾಡಿ ತೋರಿಸಬೇಕು. ‘ಗಾಡಿಗೆ ಏನಾಗೇತಿ ಅಂತ ನೀವು ಹೇಳಬ್ಯಾಡ್ರಿ. ಏನಾಗೇತಿ ಅಂತ ನಿಮಗ ಗೊತ್ತಿದ್ರ ನನ್ನ ಕಡೆ ಯಾಕ ಬರತಿದ್ರಿ? ಅದು ಹೆಂಗ ಅನ್ನತೈತಿ, ಅಷ್ಟ ಬಾಯಿಲೆ ಮಾಡಿ ತೋರಸ್ರಿ.’ ಫೋನು ಬಂದ ಮೇಲೂ ಈ ಕಾಯದೆ ಬದಲಾಗಲಿಲ್ಲ. ಯಲಬುರ್ಗಾದ ಸಂತೆಯ ನಡುವೆ ನಿಂತು ಫೋನಿನಲ್ಲಿ ‘ಡುಗುಡುಗು ಟಕ್’ ಎಂದು ಕೂಗಿದವರಿದ್ದಾರೆ. ಗಂಗಾವತಿ ಕಡೆಯ, ವಲಸೆ ಬಂದು ನೆಲೆಸಿದವರ ಕ್ಯಾಂಪುಗಳಿಂದ ತೆಲುಗು ಮಾತಾಡುವ ಭತ್ತದ ರೈತರು ಬರುತ್ತಿದ್ದರು. ಅವರ ಕನ್ನಡ ಅಷ್ಟಕ್ಕಷ್ಟೆ, ಮಿಸ್ತ್ರಿಯವರಿಗೆ ತೆಲುಗು ಒಂದಕ್ಷರವೂ ಬಾರದು. ಆದರೂ ವ್ಯವಹಾರ ಸಲೀಸು. ಗಾಡಿಗಳೆಲ್ಲ ಕೆಮ್ಮುವುದು ಒಂದೇ ಭಾಷೆಯಲ್ಲಿ.

ಈ ವಿದ್ಯೆಯಲ್ಲಿ ಹೆಂಗಸರೇ ಜಾಣರು ಎಂಬುದು ಅವರ ಅಭಿಪ್ರಾಯ. ‘ಗಂಡಸು ಸೀಟಿನ ಮ್ಯಾಲ ಕುಂತು ತನ್ನ ವಿಚಾರ ತಾ ಮಾಡತಿರತಾನ. ಹೆಣ್ಣಮಗಳು ಒಳಗ ರೊಟ್ಟಿ ಬಡಕೋತ ಹೊರಗಿಂದು ಎಲ್ಲಾ ಕೇಳಿರತಾಳ. ಮುಂದಿನ ಸಲ ಮನಿಯಾಕಿನ್ನ ಕರಕೊಂಡ ಬರ್ರಿ’ ಎಂದು ಎಷ್ಟೋ ಗಂಡಸರನ್ನು ವಾಪಸು ಕಳಿಸಿದ್ದರು.

ನಮ್ಮ ಕಡೆ ಚಳಿ ಎಂದರೆ ದೊಡ್ಡದೇನಲ್ಲ. ಬಿಳಿಜೋಳ ತೆನೆ ಹಿರಿಯುವ ಹೊತ್ತಿಗೆ ಬೆಳಗಿನ ಜಾವ ಹೊಲದ ಮೇಲೆ ಮಂಜು ಕೂತಿರುತ್ತದೆ, ಮುದುಕರು ಕೌದಿ ಬಿಟ್ಟು ಏಳುವುದಿಲ್ಲ, ಅಷ್ಟೆ. ಆದರೆ ನಮ್ಮ ಮನೆಯ ಟ್ರ್ಯಾಕ್ಟರಿಗೆ ಅಷ್ಟು ಚಳಿಯೇ ಸಾಕಾಗಿತ್ತು. ಅಪ್ಪ ಅದನ್ನು ಕೊಂಡಾಗಲೇ ಅದು ಇನ್ನೊಬ್ಬರ ಮನೆಯಲ್ಲಿ ದುಡಿದು ದಣಿದ ಗಾಡಿ. ಬೇಸಿಗೆಯಲ್ಲಿ ಕೀಲಿ ತೋರಿಸಿದರೆ ಸಾಕು, ಚಾಲೂ. ಚಳಿಗಾಲದಲ್ಲಿ ಊರೆಲ್ಲ ಸೇರಿ ದಬ್ಬಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಅಪ್ಪನನ್ನು ಮಿಸ್ತ್ರಿಯವರ ಬಳಿಗೆ ಮೊದಲು ಕರೆದುಕೊಂಡು ಹೋದವನು ನಾನೇ. ಅಪ್ಪ ಕಡಿಮೆ ಮಾತಿನ ಮನುಷ್ಯ. ನ್ಯಾಯ ಪಂಚಾಯಿತಿಗೆ ಕರೆದರೆ ಹೋಗಿ ಕೂತು, ಕೊನೆಗೆ ಒಂದು ಮಾತು ಆಡಿ ಎದ್ದು ಬರುವವನು. ಆತನ ಮುಂದೆ ಮಿಸ್ತ್ರಿ ಟೈರಿನ ಮೇಲೆ ಕೂತು, ‘ಹೂಂ ಯಜಮಾನ್ರ, ಬಾಯಿಲೆ ಮಾಡಿ ತೋರಸ್ರಿ’ ಎಂದರು. ಅಪ್ಪ ನನ್ನ ಮುಖ ನೋಡಿದ. ನಾನು ಬೇವಿನ ಗಿಡದ ಮೇಲಿನ ಕಾಗೆ ನೋಡಿದೆ. ‘ನಮ್ಮ ಹುಡುಗ ಮಾಡತಾನ್ರಿ’ ಎಂದ ಅಪ್ಪ. ‘ಗಾಡಿ ಯಾರ ಹೆಸರಲೆ ಐತ್ರಿ?’ ‘ನನ್ನ ಹೆಸರಲೆ.’ ‘ಹಂಗಾರ ನೀವ ಮಾಡ್ರಿ.’

ಅಪ್ಪ ಗಂಟಲು ಸರಿ ಮಾಡಿಕೊಂಡ. ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ, ಬೇವಿನ ಗಿಡಕ್ಕೆ ಮುಖ ಮಾಡಿ, ಮೆಲ್ಲಗೆ ‘ಗೂ...ರ್. ಗೂ......ರ್. ಗೂ.........’ ಎಂದ. ಅಷ್ಟು ಮರ್ಯಾದೆಯಿಂದ ಯಾವ ಟ್ರ್ಯಾಕ್ಟರೂ ಸದ್ದು ಮಾಡಿರಲಿಕ್ಕಿಲ್ಲ. ಮಿಸ್ತ್ರಿ ನಗಲಿಲ್ಲ. ‘ಬ್ಯಾಸಗ್ಯಾಗ ಹಾಕೂ ದಪ್ಪ ಎಣ್ಣಿನ ಇಂಜಿನ್ನಿನ್ಯಾಗ ಹಂಗ ಬಿಟ್ಟೀರಿ. ಚಳಿಗೆ ಅದು ಬೆಲ್ಲದ ಪಾಕ ಆಗೇತಿ. ತಿರಗಬೇಕಂದ್ರ ಇಂಜಿನ್ನಿಗೆ ಶಕ್ತಿ ಎಲ್ಲಿಂದ ಬರಬೇಕ್ರಿ?’ ಎಂದರು. ಮಾತು ಖರೆಯಾಗಿತ್ತು. ಎಣ್ಣೆ ಬದಲಿಸಿದ ಮೇಲೆ ಗಾಡಿ ಎದ್ದಿತು. ಅಪ್ಪ ಮನೆಗೆ ಬರುವ ದಾರಿಯಲ್ಲಿ, ‘ಅಂವಾ ಶಾಣ್ಯಾ ಅದಾನ. ಆದ್ರ ನಾ ಹಂಗ ಮಾಡಿದ್ದು ನಿಮ್ಮವ್ವನ ಮುಂದ ಹೇಳಬ್ಯಾಡ’ ಎಂದ. ನಾನು ಆ ಸಂಜೆಯೇ ಹೇಳಿದೆ. ಅವ್ವ ಎಷ್ಟು ನಕ್ಕಳೆಂದರೆ ರೊಟ್ಟಿ ಹೊತ್ತಿತು.

ಮಿಸ್ತ್ರಿ ಕುಳ್ಳಗೆ ಗಟ್ಟಿಮುಟ್ಟಾದ ಆಳು. ತಲೆಗೂದಲೆಲ್ಲ ಬೆಳ್ಳಗೆ, ಮೀಸೆ ಮಾತ್ರ ಕರ್ರಗೆ. ಅದು ಬಣ್ಣವೋ ಇಂಜಿನ್ನಿನ ಮಸಿಯೋ ಎಂಬ ವಿಷಯದಲ್ಲಿ ಜನರಲ್ಲಿ ಎರಡು ಪಕ್ಷ. ಬಡಾಯಿ ಭಾಳ. ‘ನನ್ನಂಥಾ ಮಿಸ್ತ್ರಿ ಕೊಪ್ಪಳ ಜಿಲ್ಲಾದಾಗ ಇನ್ನೊಬ್ಬ ಅದಾನ ಅನ್ನೂದಾದ್ರ ತೋರಸ್ರಿ, ಹೋಗಿ ಕೈ ಮುಗದು ಬರತೇನಿ’ ಎನ್ನುವರು. ಆ ಇನ್ನೊಬ್ಬನನ್ನು ಯಾರಾದರೂ ಹೆಸರಿಸಿದರೆ ಅವತ್ತಿಡೀ ಆ ಬಡಪಾಯಿಯ ಕೆಲಸದಲ್ಲಿ ಹುಳುಕು ತೆಗೆಯುತ್ತಿದ್ದರು. ಗಾಡಿಯನ್ನು ದಬ್ಬಿ ಚಾಲೂ ಮಾಡುವವರನ್ನು ಕಂಡರೆ ಅವರಿಗೆ ಆಗದು. ‘ದಬ್ಬಿ ಚಾಲೂ ಮಾಡಿದ ಗಾಡಿ, ಬೈದು ಎಬ್ಬಿಸಿದ ಸೊಸಿ, ಎರಡೂ ಒಂದ. ದಿನಾ ಮುನಸು.’ ಚಳಿಗೆ ಇಂಜಿನ್ನಿನ ಕೆಳಗೆ ಚಿಂದಿ ಸುಟ್ಟು ಕಾಯಿಸುವವರಿಗಂತೂ, ‘ಅದೇನ ಹೆಣಾ ಏನ್ರಿ, ಕೊಳ್ಳಿ ಇಡಾಕ?’ ಎಂದು ಮುಖಕ್ಕೇ ಹೇಳುತ್ತಿದ್ದರು.

ಇಷ್ಟು ಜಂಬದ ಮನುಷ್ಯ ತನ್ನ ಕಿವಿಗಳಿಗೆ ಮಾತ್ರ ಕೂಸಿನ ಆರೈಕೆ ಮಾಡುತ್ತಿದ್ದರು. ದೀಪಾವಳಿ ಕಳೆದು ಗಾಳಿ ತಣ್ಣಗಾಯಿತೆಂದರೆ ಎರಡೂ ಕಿವಿಗೆ ಅರಳೆ, ಮೇಲೊಂದು ಮಫ್ಲರು. ಇಂಜಿನ್ನಿನ ಹತ್ತಿರ ಬಗ್ಗಿದಾಗಷ್ಟೇ ಬಿಚ್ಚುವುದು, ಆದ ಕೂಡಲೇ ಕಟ್ಟಿಕೊಳ್ಳುವುದು. ‘ಕಿವ್ಯಾಗ ಏನ ಬಂಗಾರ ಇಟ್ಟೀರಿ ಕಾಕಾ?’ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ‘ಬಂಗಾರ ಕಳದ್ರ ಮತ್ತೊಮ್ಮೆ ತರಬಹುದೋ ತಮ್ಮಾ. ಇವು ಹೋದ್ರ ನಾ ಬಡಿಗತನಕ್ಕ ಹೋಗಬೇಕು. ಅದೂ ನನಗ ಬರಂಗಿಲ್ಲ’ ಎನ್ನುತ್ತಿದ್ದರು.

ಆ ಕಿವಿಗಳೇ ಹೋದವು. ಜೀವಮಾನವೆಲ್ಲ ಸೈಲೆನ್ಸರ್ ಬಿಚ್ಚಿದ ಇಂಜಿನ್ನುಗಳ ಪಕ್ಕದಲ್ಲಿ ಕೂತದ್ದಕ್ಕೆ ಇನ್ನೇನಾಗಬೇಕು? ಎಷ್ಟೋ ದಿನ ಅದು ನಮಗ್ಯಾರಿಗೂ ತಿಳಿಯಲಿಲ್ಲ. ತಿಳಿಯದ ಹಾಗೆ ಅವರು ನೋಡಿಕೊಂಡರು. ಇವತ್ತು ಮಿಸ್ತ್ರಿಯವರನ್ನು ನೆನೆದರೆ ಅವರು ರಿಪೇರಿ ಮಾಡಿದ ಗಾಡಿಗಳಿಗಿಂತ, ಹೋದ ಕಿವಿಯನ್ನು ಮುಚ್ಚಿಟ್ಟುಕೊಳ್ಳಲು ಅವರು ಪಟ್ಟ ಪಾಡೇ ನನಗೆ ಹೆಚ್ಚು ನೆನಪಾಗುತ್ತದೆ.

ಮೊದಲ ಸುಳಿವು ಸಿಕ್ಕಿದ್ದು ಹೋಟೆಲಿನಲ್ಲಿ. ರಸ್ತೆಗೆ ಬೆನ್ನು ಮಾಡಿ ಕೂತು ಒಗ್ಗರಣಿ ಮಿರ್ಚಿ ತಿನ್ನುತ್ತಾ, ಹಿಂದೆ ಹಾದುಹೋಗುವ ಟ್ರ್ಯಾಕ್ಟರು ಯಾರದೆಂದು ಸದ್ದಿನ ಮೇಲೆ ಹೇಳುವುದು ಅವರ ನಿತ್ಯದ ಆಟ. ಒಂದು ದಿನ, ‘ಇದು ನಮ್ಮ ಹನುಮಸಾಗರದ ಶರಣಪ್ಪಾರ ಗಾಡಿ’ ಎಂದರು. ತಿರುಗಿ ನೋಡಿದರೆ ಗ್ಯಾಸ್ ಸಿಲಿಂಡರ್ ತುಂಬಿದ ಲಾರಿ. ಹೋಟೆಲಿಗೆ ಹೋಟೆಲೇ ನಕ್ಕಿತು. ಮಿಸ್ತ್ರಿಯೂ ನಕ್ಕರು, ಆದರೆ ಮಿರ್ಚಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಆ ಆಟ ಆಡಲಿಲ್ಲ. ಫೋನು ಮಾಡಿದರೆ ಬಾಯಲ್ಲಿ ಮಾಡಿ ತೋರಿಸಿರಿ ಎನ್ನುವುದೂ ನಿಂತಿತು. ‘ನಾನ ಬರತೇನಿ’ ಎಂದು ಇಟ್ಟುಬಿಡುತ್ತಿದ್ದರು. ವಯಸ್ಸಾಯಿತು, ತಾಳ್ಮೆ ಕಡಿಮೆಯಾಗಿದೆ ಎಂದುಕೊಂಡೆವು.

ಎಳ್ಳ ಅಮಾವಾಸ್ಯೆಯ ಒಂದು ಬೆಳಿಗ್ಗೆ ಎಲ್ಲವೂ ಬಯಲಾಯಿತು. ಅವತ್ತು ನಮ್ಮ ಸೀಮೆಯಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಬುತ್ತಿಯ ಎಡೆಯನ್ನು ಚರಗವೆಂದು ಚೆಲ್ಲಿ, ಅಲ್ಲೇ ಉಂಡು ಬರುತ್ತೇವೆ. ಅಪ್ಪ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅವ್ವ ಸಜ್ಜಿರೊಟ್ಟಿ, ಶೇಂಗಾಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲ ಕಟ್ಟಿ ಟ್ರೇಲರಿನಲ್ಲಿ ಇಟ್ಟಿದ್ದಳು. ಓಣಿಯ ಹೆಂಗಸರು ಹೊಸ ಸೀರೆ ಉಟ್ಟು ಹತ್ತಿ ಕೂತಿದ್ದರು. ನಾನು ಕೀಲಿ ತಿರುಗಿಸಿದೆ. ‘ಟಕಟಕಟಕ’ ಎಂದಿತು, ಅಷ್ಟೆ. ಇನ್ನೊಮ್ಮೆ ತಿರುಗಿಸಿದೆ. ಅದೇ ಟಕಟಕ.

ಆಮೇಲೆ ಊರಿನ ಬುದ್ಧಿವಂತಿಕೆಯೆಲ್ಲ ಗಾಡಿಯ ಮೇಲೆ ಬಿತ್ತು. ಒಬ್ಬ ಕಾದ ನೀರು ತಂದು ರೇಡಿಯೇಟರಿಗೆ ಸುರಿದ. ಇನ್ನೊಬ್ಬ ಡೀಸೆಲ್ ಪಂಪಿಗೆ ಬಿಸಿ ಗೋಣಿ ಸುತ್ತಿದ. ಮತ್ತೊಬ್ಬ ಕೊಳ್ಳಿ ಹಿಡಿದು ಬಂದ, ಅವನನ್ನು ಹೆಂಗಸರೇ ಬೈದು ಓಡಿಸಿದರು. ಕಡೆಗೆ ನಾನು ಮೋಟರ್‌ಸೈಕಲ್ ತೆಗೆದುಕೊಂಡು ಹೋಗಿ ಮಿಸ್ತ್ರಿಯವರನ್ನು ಕರೆತಂದೆ.

ಮಿಸ್ತ್ರಿ ಮಫ್ಲರು ಬಿಚ್ಚಿ, ಅರಳೆ ತೆಗೆದು, ಇಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟರಿನ ಹತ್ತಿರ ಕಿವಿ ತಂದು, ‘ಹೊಡಿ’ ಎಂದರು. ನಾನು ಕೀಲಿ ತಿರುಗಿಸಿದೆ. ‘ಇನ್ನೊಮ್ಮೆ.’ ತಿರುಗಿಸಿದೆ. ಅವರು ಎದ್ದು ನಿಂತು, ‘ಉಸಿರ ಇಲ್ಲ. ಸೆಲ್ಫ್ ಸುಟ್ಟೈತಿ. ಬಿಚ್ಚಬೇಕು’ ಎಂದರು. ನನಗೆ ವಿಚಿತ್ರವೆನಿಸಿತು. ಏಕೆಂದರೆ ಅವರೇ ಹಿಂದೆ ನನಗೆ ಪಾಠ ಹೇಳಿದ್ದರು: ‘ಏನೂ ಅನ್ನದಿದ್ರ ಸೆಲ್ಫ್ ನೋಡು. ಟಕಟಕ ಅಂದ್ರ ಸೆಲ್ಫಿಗೆ ಕೈ ಹಚ್ಚಬ್ಯಾಡ. ಕರೆಂಟ ಮುಟ್ಟವಲ್ದು, ಬ್ಯಾಟ್ರಿ ಕಡೆ ಹೋಗು.’ ಆದರೆ ಹೇಳಿದ ಗುರುವೇ ಎದುರಿಗಿರುವಾಗ ನಾನೇನು ಬಾಯಿ ಹಾಕುವುದು? ಇವರಿಗೆ ಇನ್ನೇನೋ ಗೊತ್ತಾಗಿರಬೇಕು ಎಂದು ಸುಮ್ಮನಾದೆ.

ಸೆಲ್ಫ್ ಬಿಚ್ಚಿದರು. ಗೋಣಿಯ ಮೇಲೆ ಹರವಿ ಒಂದೊಂದೇ ಒರೆಸಿದರು. ಬಿಸಿಲು ಏರಿತು. ಹೆಂಗಸರು ಒಬ್ಬೊಬ್ಬರೇ ಟ್ರೇಲರಿನಿಂದ ಇಳಿದು ಕಟ್ಟೆಯ ಮೇಲೆ ಕೂತರು. ಸೆಲ್ಫಿನಲ್ಲಿ ಏನೂ ಕೆಟ್ಟಿರಲಿಲ್ಲ. ಮಿಸ್ತ್ರಿಯವರ ಹಣೆಯ ಮೇಲೆ, ಆ ಚಳಿಯಲ್ಲೂ, ಬೆವರು. ಮತ್ತೆ ಜೋಡಿಸಿ ಹೊಡೆದರೆ ಅದೇ ಟಕಟಕ. ಅವರು ಮತ್ತೆ ಬಿಚ್ಚಲು ಪಾನಾ ಎತ್ತಿಕೊಂಡರು.

ಆಗ ಅವ್ವ ಬುತ್ತಿ ಸರಿ ಮಾಡಲು ಬಂದವಳು ಬ್ಯಾಟರಿಯನ್ನು ನೋಡಿ, ‘ಅಯ್ಯ, ನಾ ಹಚ್ಚಿದ ವಿಭೂತಿ ಮ್ಯಾಲ ಇದನ್ನ ಯಾಕ ಹಾಕೀರಿ?’ ಎಂದಳು.

ಸಂಗತಿ ಇಷ್ಟು. ಚಳಿಗಾಲದಲ್ಲಿ ಬ್ಯಾಟರಿಯನ್ನು ರಾತ್ರಿ ಹೊರಗೆ ಬಿಡಬೇಡಿ, ಬೆಚ್ಚಗಿನ ಜಾಗದಲ್ಲಿ ಇಡಿ ಎಂದು ಹೇಳಿದವರು ಮಿಸ್ತ್ರಿಯವರೇ. ನಮ್ಮ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಒಲೆಯ ಹಿಂದಿನ ಗೋಡೆಗೆ ಹತ್ತಿದ ದೇವರ ಜಗಲಿ. ದಿನಾ ಸಂಜೆ ಬಿಚ್ಚಿ ತಂದು ಅಲ್ಲಿಡುತ್ತಿದ್ದೆ. ಬೆಳಿಗ್ಗೆ ಮಿಂದು ಪೂಜೆಗೆ ಕೂತ ಅವ್ವ, ಜಗಲಿಯ ಮೇಲೆ ಬಂದು ಕೂತವರನ್ನು ಬಿಟ್ಟು ಬಿಡುವುದು ಹೇಗೆ ಎಂದು ಬ್ಯಾಟರಿಗೂ ವಿಭೂತಿ ಹಚ್ಚತೊಡಗಿದ್ದಳು. ಅದಕ್ಕೆ ಹಣೆಯಿಲ್ಲ. ತಲೆಯಂತೆ ಕಾಣುವುದು ಮೇಲಿನ ಎರಡು ಸೀಸದ ಗೂಟಗಳು. ಅವುಗಳಿಗೇ ಮೂರು ಮೂರು ಬೆರಳು ಎಳೆಯುತ್ತಿದ್ದಳು. ದಿನವೂ ತೆಳ್ಳಗೆ ಎಳೆದದ್ದು ಪದರ ಪದರವಾಗಿ ಕೂತಿತ್ತು. ಹಬ್ಬವೆಂದು ಅವತ್ತು ಕೈ ಬಿಚ್ಚಿ ದಪ್ಪಗೆ ಹಚ್ಚಿದ್ದಳು. ನಾನು ಮಬ್ಬಿನಲ್ಲಿ ನೋಡದೆ ಅದರ ಮೇಲೇ ವೈರಿನ ಹಿಡಿಕೆ ಬಿಗಿದಿದ್ದೆ. ವಿಭೂತಿ ದಾಟಿ ಕರೆಂಟು ಹೋಗುವುದೆಲ್ಲಿಂದ?

ಒರೆಸಿ ಬಿಗಿದ ಕೂಡಲೇ ಗಾಡಿ ಬಿಳಿ ಹೊಗೆ ಉಗುಳಿ ಎದ್ದಿತು. ಜನ ಬಿದ್ದು ಬಿದ್ದು ನಕ್ಕರು. ಅವ್ವ ನಾಚಿ, ‘ಹಂಗಾರ ನಾಳಿಂದ ಹೂವಷ್ಟ ಏರಸತೇನಿ’ ಎಂದಳು. ಮಿಸ್ತ್ರಿಯವರನ್ನೂ ಬಿಡದೆ ಟ್ರೇಲರಿಗೆ ಹತ್ತಿಸಿಕೊಂಡು ಹೊಲಕ್ಕೆ ಹೋದೆವು.

ಹೊಲದಲ್ಲಿ ಹೆಂಗಸರು ಕೂಗುತ್ತಾ ಚರಗ ಚೆಲ್ಲುತ್ತಿದ್ದರು. ಮಿಸ್ತ್ರಿ ಬನ್ನಿಗಿಡದ ಕೆಳಗೆ ನನ್ನ ಪಕ್ಕ ಕೂತಿದ್ದರು. ಎಲೆಯಲ್ಲಿದ್ದ ಹೋಳಿಗೆ ಮುಟ್ಟಿರಲಿಲ್ಲ.

‘ತಮ್ಮಾ, ನೀ ಕೀಲಿ ತಿರುವಿದಾಗ ಅದು ಟಕಟಕ ಅಂತಿತ್ತೇನು?’

‘ಹೂಂನ್ರಿ ಕಾಕಾ.’ ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಆವಾಗ ನನಗೆ ಎಲ್ಲ ಅರ್ಥವಾಯಿತು.

‘ಮೊದಲಿಂದ?’

‘ಮೊದಲಿಂದ.’

ಅವರು ಹೋಳಿಗೆಯ ಎಲೆಯನ್ನು ಪಕ್ಕಕ್ಕೆ ಸರಿಸಿದರು. ‘ನನಗ ಕೇಳಸಲಿಲ್ಲ. ಸಣ್ಣ ಸಪ್ಪಳ ಒಂದೂ ಕೇಳಸವಲ್ದು. ಯಾರ ಮುಂದೂ ಅನಬ್ಯಾಡ ತಮ್ಮಾ. ಕಿವಿ ಕೇಳದ ಮಿಸ್ತ್ರಿ ಅಂದ್ರ ಕಣ್ಣ ಕಾಣದ ಪತ್ತಾರ ಬಂಗಾರ ತೂಗಿದಂಗ. ಯಾರ ಕರೀತಾರ?’

ಅಷ್ಟು ಬಡಾಯಿಯ ಮನುಷ್ಯ ಹಾಗೆ ಕೇಳಿದ್ದು ನನಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದೆ, ಹೇಳಲೂ ಇಲ್ಲ. ಅವರ ಮಗಳು ಕಿವಿಗೆ ಹಾಕುವ ಮಷಿನ್ನು ತಂದುಕೊಟ್ಟಳಂತೆ. ಎರಡು ದಿನ ಹಾಕಿ ಡಬ್ಬಿಯಲ್ಲಿಟ್ಟರು. ‘ಅದರಾಗ ಎಲ್ಲಾ ಕೂಡಿ ಸಂತಿ ಆಗತೈತಿ. ಇಂಜಿನ್ ಯಾವುದು, ಮಾನವ್ವನ ಮಿಕ್ಸರ್ ಯಾವುದು, ತಿಳಿಯಂಗಿಲ್ಲ’ ಎಂದರು. ಮಾನವ್ವ ಎಂದರೆ ಅವರ ಹೆಂಡತಿ. ಆಮೇಲೆ ಒಂದೊಂದೇ ಊರಿಗೆ ಹೋಗುವುದನ್ನು ಬಿಟ್ಟರು. ಕರೆಯಲು ಬಂದವರಿಗೆ ಮೊಣಕಾಲು ನೋವು ಎಂದರು. ಹೊಸ ಗಾಡಿ ಕೊಂಡವರು ಕಂಪನಿಯ ಹುಡುಗರ ಕಡೆ ಹೋದರು. ಬೇವಿನ ಗಿಡದ ಕೆಳಗಿನ ಟೈರು ಖಾಲಿ ಬಿತ್ತು.

ಅದಾದ ಮೇಲಿನ ಇನ್ನೊಂದು ಚಳಿಗಾಲ. ನಮ್ಮ ಗಾಡಿ ಮತ್ತೆ ಹಟ ಹಿಡಿಯಿತು. ಈ ಸಲ ವಿಭೂತಿಯ ತಪ್ಪಿರಲಿಲ್ಲ, ನಾನೇ ನೋಡಿದ್ದೆ. ಸೆಲ್ಫ್ ಗರಗರ ತಿರುಗುತ್ತಿತ್ತು, ಇಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಕಡಲೆ ರಾಶಿಗೆ ಬಂದಿತ್ತು. ಬೇರೆ ಮಿಸ್ತ್ರಿಗಳಿರಲಿಲ್ಲವೆಂದಲ್ಲ, ನನಗೆ ಮನಸ್ಸಾಗಲಿಲ್ಲ. ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ ಶೆಡ್ಡಿನ ಪಕ್ಕದ ಮಿಸ್ತ್ರಿಯವರ ಮನೆಯ ಅಂಗಳದಲ್ಲೇ ನಿಲ್ಲಿಸಿದೆ.

ಅವರು ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ನನ್ನನ್ನು ನೋಡಿ ನಕ್ಕು, ಗಾಡಿ ನೋಡಿ ಮುಖ ತಿರುಗಿಸಿದರು. ‘ಮೊಣಕಾಲ...’ ಎಂದು ಶುರು ಮಾಡಿದರು. ಮಾನವ್ವ ಬಾಗಿಲಲ್ಲಿ ನಿಂತು, ಅವರಿಗೆ ಕೇಳುವುದಿಲ್ಲವೆಂಬ ಧೈರ್ಯದಿಂದ, ‘ಮೊಣಕಾಲಿಗೆ ಏನಾಗೇತಿ ಧಾಡಿ? ದಿನಾ ಎರಡು ಸಲ ಶೆಡ್ಡಿಗೆ ಹೋಗಿ ಪಾನಾಗಳನ್ನ ಒರಸಿಟ್ಟು ಬರತಾರ. ಬಿಡಬ್ಯಾಡ, ಎಬ್ಬಸು’ ಎಂದಳು. ನಾನು ಅವರ ಕೈ ಹಿಡಿದು ಎಬ್ಬಿಸಿ, ಕರೆದೊಯ್ದು, ಆ ಕೈಯನ್ನು ಬಾನೆಟ್ಟಿನ ಮೇಲೆ ಇಟ್ಟೆ.

ಅವರು ಕೈ ತೆಗೆಯಲಿಲ್ಲ. ಆಮೇಲೆ ಮಫ್ಲರು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಪಂಪಿನಿಂದ ಇಂಜಿನ್ನಿಗೆ ಹೋಗುವ ಸಣ್ಣ ಡೀಸೆಲ್ ಕೊಳವೆಗಳನ್ನು ಎರ‍ಡು ಬೆರಳಿನಲ್ಲಿ ಹಿಡಿದು, ‘ಹೊಡಿ’ ಎಂದರು. ವೈದ್ಯರು ನಾಡಿ ಹಿಡಿದ ಹಾಗೆಯೇ ಇತ್ತು. ಡೀಸೆಲ್ ಸರಿಯಾಗಿ ಹೋಗುತ್ತಿದ್ದರೆ ಕೊಳವೆ ಬೆರಳಿಗೆ ತಟ್ಟುತ್ತದೆ. ಒಂದೊಂದನ್ನೇ ಹಿಡಿದು ನೋಡಿದರು. ‘ಇದು ಸತ್ತೈತಿ. ಇದೂ ಅಷ್ಟ. ಗಾಳಿ ಹೊಕ್ಕೈತಿ’ ಎಂದರು. ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ನೊರೆ ಹೋಗಿ ಬರೀ ಡೀಸೆಲ್ ಬರುವವರೆಗೂ ಬಿಡಲಿಲ್ಲ. ಬಿಗಿದು ಮತ್ತೆ ಹಿಡಿದು, ‘ಹೊಡಿ’ ಎಂದರು. ಕೊಳವೆ ಬೆರಳಿಗೆ ತಟ್ಟಿದ್ದೇ ನನ್ನ ಕಡೆ ತಿರುಗಿ, ಹಲ್ಲೆಲ್ಲ ಕಾಣುವಂತೆ ನಕ್ಕರು. ಇನ್ನೊಮ್ಮೆ ಕೀಲಿ ತಿರುಗಿಸಿದೆ. ಗಾಡಿ ಒಮ್ಮೆ ಕೆಮ್ಮಿ, ಬೆಳ್ಳನೆಯ ಹೊಗೆ ಬಿಟ್ಟು, ಚಾಲೂ ಆಯಿತು.

ಸದ್ದು ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದ ನಾಲ್ಕು ಜನ ಒಳಗೆ ಬಂದರು. ಅವರಲ್ಲಿ ಹನುಮಸಾಗರದ ಶರಣಪ್ಪನವರೂ ಇದ್ದರು. ಭಾರಿ ದೇಹ, ಸಿಡುಕು ಸ್ವಭಾವ, ಮಿಸ್ತ್ರಿಯವರ ಹಳೆಯ ಗಿರಾಕಿ. ‘ಏನೋ ಕಾಳಪ್ಪ, ಮೊಣಕಾಲ ಆರಾಮಾದ್ವೇನು? ಛಲೋ ಆತು, ನನ್ನ ಗಾಡಿ ನೋಡು ಸ್ವಲ್ಪ’ ಎಂದವರೇ, ರೂಢಿಯಂತೆ ಕೆನ್ನೆ ಉಬ್ಬಿಸಿ, ‘ಡಗ್ ಡಗ್ ಡಗ್... ಡಗ್... ಭುಸ್ಸ್’ ಎಂದು ಮಾಡಿ ತೋರಿಸಿದರು.

ನಾನು ಗಾಡಿ ಬಂದ್ ಮಾಡಿದ್ದೆ. ಎಲ್ಲರೂ ಮಿಸ್ತ್ರಿ ಏನು ಹೇಳುತ್ತಾರೆಂದು ಕಾಯುತ್ತಿದ್ದರು. ನಾನು ಅವರ ಪರವಾಗಿ ಏನೋ ಒಂದು ಸಬೂಬು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

‘ಶರಣಪ್ಪಾರ, ನನಗ ಕಿವಿ ಕೇಳವಲ್ವು. ಭಾಳ ದಿನಾ ಆತು. ಮೊಣಕಾಲ ನೋವು ಅಂದಿದ್ದು ಸುಳ್ಳು.’

ಬಾಗಿಲಲ್ಲಿದ್ದ ಮಾನವ್ವ ಸೆರಗು ಬಾಯಿಗೆ ಹಿಡಿದಳು. ಶರಣಪ್ಪನವರು ಮಿಸ್ತ್ರಿಯವರನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಎಂದೇ ನಾನು ತಿಳಿದೆ. ಅವರು ಎರಡು ಹೆಜ್ಜೆ ಮುಂದೆ ಬಂದರು. ಮಿಸ್ತ್ರಿಯವರ ಎಣ್ಣೆಗೈಯನ್ನು ಎತ್ತಿ, ತಮ್ಮ ಇಸ್ತ್ರಿ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಗಂಟಲ ಮೇಲೆ ಇಟ್ಟುಕೊಂಡರು. ಕೆನ್ನೆ ಉಬ್ಬಿಸಿ, ಮೊದಲಿನಿಂದ ಮತ್ತೆ, ಸಾವಕಾಶವಾಗಿ, ‘ಡಗ್ ಡಗ್ ಡಗ್... ಡಗ್... ಭುಸ್ಸ್’ ಎಂದರು.

ಮಿಸ್ತ್ರಿ ಕಣ್ಣು ಮುಚ್ಚಿದರು. ತಲೆ ಒಂದು ಕಡೆ ವಾಲಿತು. ‘ಕಡೀಕಿಂದು ಇನ್ನೊಮ್ಮೆ’ ಎಂದರು. ಶರಣಪ್ಪನವರು ಮತ್ತೆ ‘ಭುಸ್ಸ್’ ಎಂದರು.

‘ಚಾಲೂ ಆಗಿ ಸ್ವಲ್ಪ ಹೋಗೂದರಾಗ ನಿಲ್ಲತೈತಿ. ಡೀಸೆಲ್ ಫಿಲ್ಟರ್ ಕಟ್ಟೈತಿ. ನಾಳೆ ಗಾಡಿ ತರ್ರಿ.’

ಅಂಗಳದಲ್ಲಿ ನಗೆ, ಗದ್ದಲ. ಮಾನವ್ವ ಚಹಾ ಇಟ್ಟಳು. ನಾನು ಗಾಡಿ ಹೊರಡಿಸಿದಾಗ ಮಿಸ್ತ್ರಿ ಬೇವಿನ ಗಿಡದ ಕೆಳಗಿನ ಟೈರಿನ ಮೇಲೆ ಕೂತು ಶರಣಪ್ಪನವರಿಗೆ ಇನ್ನೊಬ್ಬ ಮಿಸ್ತ್ರಿಯ ಕೆಲಸದ ಹುಳುಕು ಹೇಳುತ್ತಿದ್ದರು. ನಮ್ಮ ಗಾಡಿ ಆಮೇಲೆ ಕೆಡಲಿಲ್ಲ, ನಾನು ಅವರನ್ನು ಜೀವಂತ ಕಂಡದ್ದು ಅದೇ ಕಡೆಯ ಸಲ.

ಆಮೇಲಿನದೆಲ್ಲ ಕೇಳಿದ ಮಾತು. ಅವರ ಅಂಗಳಕ್ಕೆ ಮತ್ತೆ ಗಾಡಿಗಳು ಬರತೊಡಗಿದವಂತೆ. ಬಂದವರು ತಾವಾಗಿಯೇ ಕೊರಳು ಒಡ್ಡುತ್ತಿದ್ದರಂತೆ. ಸಂಜೆ ನೋಡಿದರೆ ಊರ ಗಂಡಸರ ಕೊರಳಿಗೆಲ್ಲ ಕರೀ ಎಣ್ಣೆ. ಹೋದ ಶ್ರಾವಣದಲ್ಲಿ, ಒಂದು ದಿನವೂ ಹಾಸಿಗೆ ಹಿಡಿಯದೆ, ಮಿಸ್ತ್ರಿ ತೀರಿಕೊಂಡರು.

ಮಣ್ಣು ಮಾಡಿ ಬರುವಾಗ ಶರಣಪ್ಪನವರು ನನ್ನ ಜೊತೆ ನಡೆದರು. ಆ ಭಾರಿ ದೇಹಕ್ಕೆ ಏದುಸಿರು. ರಸ್ತೆಗೆ ಬಂದ ಮೇಲೆ ನಿಂತು, ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿ, ‘ಅವತ್ತಿಂದು ಫಿಲ್ಟರ್ ಅಲ್ಲೋ ತಮ್ಮಾ’ ಎಂದರು.

‘ಅಂದ್ರ?’

‘ಫಿಲ್ಟರ್ ಛಲೋ ಇತ್ತು. ಟ್ಯಾಂಕಿನ ಮುಚ್ಚಳದ ಗಾಳಿ ಆಡೂ ತೂತಿನ್ಯಾಗ ಕಣಜ ಮಣ್ಣಿಟ್ಟಿತ್ತು. ನನ್ನ ಮಗಾ ಮನಿಯಾಗ ನೋಡಿ ತಗದ. ನಾ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಬಂದು, ಕಾಳಪ್ಪ ಗಂಟಲಾ ಮುಟ್ಟಿ ಫಿಲ್ಟರ್ ಅಂದ, ಬಿಚ್ಚಿದ್ರ ಫಿಲ್ಟರ್ ಅಂತ ಎಲ್ಲಾರ ಮುಂದೂ ಹೇಳಿದೆ.’ ಅವರು ಪಟಗಾ ತೆಗೆದು ಮುಖ ಒರೆಸಿಕೊಂಡರು. ‘ಅಂವಗೂ ಅದನ್ನ ಹೇಳಿದೆ. ಎಷ್ಟ ಖುಷಿಯಾದ ಗೊತ್ತೇನು.’

ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು ಪಟಗಾ ಸುತ್ತುತ್ತಾ, ‘ನಿನ್ನ ಗಾಡಿ ಇನ್ನ ಯಾರ ನೋಡತಾರೋ?’ ಎಂದು ಕೇಳಿದರು.

‘ಗೊತ್ತಿಲ್ರಿ’ ಎಂದೆ.